ಸೊನ್ನೆಯ ಕಾಲಂ

ಮೂವತ್ತೊಂದು ವರ್ಷ ನಾನು ಬರೆದದ್ದು ಹೆಚ್ಚಾಗಿ ಸೊನ್ನೆ.
ಬೆಳಿಗ್ಗೆ ಎಂಟೂವರೆಗೆ ಬೇಲಿಯ ಚಿಲಕ ತೆಗೆದು
ಮಳೆಮಾಪಕದ ಹಿತ್ತಾಳೆ ಬಾಯಿಗೆ ಇಣುಕಿದರೆ
ಒಂದು ಜೇಡ, ಒಂದಿಷ್ಟು ಧೂಳು, ಚೈತ್ರದಲ್ಲಾದರೆ ನಾಲ್ಕು ಬೇವಿನ ಹೂವು.
ಅಷ್ಟನ್ನೂ ಊದಿ, ರಿಜಿಸ್ಟರಿನಲ್ಲಿ ೦.೦.
ದುಂಡಗೆ ಬರೆಯುತ್ತಿದ್ದೆ,
ಸೊನ್ನೆಗೂ ಒಂದು ಮರ್ಯಾದೆ ಇರಲಿ ಅಂತ.

ಚಳ್ಳಕೆರೆಯ ಈ ಆವರಣದಲ್ಲಿ
ಡಬ್ಬಿಗಿಂತ ಹಳೆಯದು ಬೇವಿನ ಮರ ಒಂದೇ.
ನಿಯಮದ ಪ್ರಕಾರ ಅದು ಅಲ್ಲಿರಬಾರದು.
ಮಾಪಕಕ್ಕೆ ಮರೆ, ಕಡಿಯಿರಿ ಎಂದು ಎರಡು ಸಲ ಕಾಗದ ಬಂತು.
ಮರವನ್ನು ಬಿಟ್ಟು ಡಬ್ಬಿಯನ್ನೇ ಹದಿನೈದು ಹೆಜ್ಜೆ ಸರಿಸಿದೆ.
ಯಾರೂ ಕೇಳಲಿಲ್ಲ.
ಸೊನ್ನೆ ಎಲ್ಲಿ ನಿಂತರೂ ಸೊನ್ನೆಯೇ.

ಆಮೇಲೆ ಅಂಕಿಗಳು ತಪ್ಪು ಮನೆ ಹೊಕ್ಕವು.
ನವೆಂಬರಿನಲ್ಲಿ ಒಂದೇ ರಾತ್ರಿ ಅರವತ್ತೆರಡು ಪಾಯಿಂಟ್ ನಾಲ್ಕು.
ಜನವರಿಯಲ್ಲಿ, ಕಣದಲ್ಲಿ ತೊಗರಿ ಇರುವಾಗ, ಮೂರು ದಿನ ಜಿಟಿಜಿಟಿ.
ಇರುಳಿಗೆ ಇಳಿಯುವುದನ್ನೇ ಮರೆತ ಪಾದರಸ.
ವೇದಾವತಿಯ ಸೇತುವೆಗೆ ಹೋಗಿ ಜನ
ನೀರಿನ ಜೊತೆ ಫೋಟೊ ತೆಗೆಸಿಕೊಂಡರು.
ನಾನೂ ಹೋಗಿದ್ದೆ. ಸುಳ್ಳೇಕೆ, ಕಣ್ಣು ತುಂಬಿತ್ತು.

ಮೊದಲು ಕಂಡದ್ದು ಪಾಲಕ್ಕನಿಗೆ.
ಬಳ್ಳಾರಿ ರಸ್ತೆಯುದ್ದ ಬೇವಿನ ಬೀಜ ಗುಡಿಸಿ
ಎಣ್ಣೆ ಗಿರಣಿಗೆ ಸುರಿಯುವವಳು;
ಮರಗಳನ್ನು ಕಿಲೋ ಲೆಕ್ಕದಲ್ಲಿ ಬಲ್ಲವಳು.
ಇದು ಇಪ್ಪತ್ತರದ್ದು, ಅದು ಮೂವತ್ತೈದು,
ಪೊಲೀಸ್ ಕ್ವಾರ್ಟರ್ಸಿನದು ಬಲು ಜಿಪುಣ.
"ನಿಮ್ಮ ಮರಕ್ಕೆ ತಲೆ ನರೆತೈತೆ ಸಾ" ಅಂದಳು.
ನೋಡಿದೆ. ತುದಿತುದಿಯೆಲ್ಲ ಕಂದು,
ಹಸಿರು ಕೊಡೆಯ ಅಂಚಿಗಷ್ಟೇ ಯಾರೋ ಬೆಂಕಿ ತಾಗಿಸಿ ಆರಿಸಿದ ಹಾಗೆ.
ಬಿಸಿಲಿಗೆ, ಎಂದೆ.
ಬಿಸಿಲನ್ನು ದೂರುವುದು ಇಲ್ಲಿ ಸುಲಭ.

ಬಬ್ಬೂರು ಫಾರಮ್ಮಿನಿಂದ ಬಂದ ಶಾಯಿಸ್ತಾ
ನನ್ನ ಬಿಸಿಲನ್ನು ಬರೆದುಕೊಳ್ಳಲಿಲ್ಲ.
ಬೆರಳುದ್ದದ ಕಡ್ಡಿ ಕತ್ತರಿಸಿ ಚೀಲಕ್ಕೆ ಹಾಕಿ
ರಿಜಿಸ್ಟರು ಕೇಳಿದಳು.
ಅದನ್ನು ಓದಲೆಂದು ಕೇಳಿದ ಮೊದಲ ಮನುಷ್ಯಳು.
ಹಳೆಯ ಪುಟಗಳ ಮೇಲೆ ಬೆರಳಾಡಿಸುತ್ತ:
"ಈ ಶಿಲೀಂಧ್ರ ಹೊಸದಲ್ಲ ಅಂಕಲ್.
ನಿಮ್ಮ ಸೊನ್ನೆಗಳು ಕಟ್ಟಿಹಾಕಿದ್ದವು ಇದನ್ನು.
ಒದ್ದೆ ಎಲೆ, ಬೆಚ್ಚನೆ ರಾತ್ರಿ, ಇಷ್ಟು ಸಿಕ್ಕರೆ ಸಾಕು.
ಹನಿ ಚಿಮ್ಮಿದಲ್ಲೆಲ್ಲ ಹೋಗುತ್ತದೆ. ಬೀಜದೊಳಗೂ."

ಬೀಜದೊಳಗೂ ಎಂದಾಗ
ಪಾಲಕ್ಕ ತನ್ನ ಅಂಗೈ ನೋಡಿಕೊಂಡಳು.
ಶಾಲೆಯ ಕಾಂಪೌಂಡಿಗೆ, ಸಂತೆ ಮೈದಾನಕ್ಕೆ, ದೊಡ್ಡೇರಿ ಗೋಕಟ್ಟೆಯ ಏರಿಗೆ
ಅವಳೇ ಊರಿದ್ದು, ಈ ಮರದ ಬೀಜ,
ದಪ್ಪನೆಯವನ್ನು ಆರಿಸಿ ಆರಿಸಿ.

ಮಳೆ ಬ್ಯಾಡ ಅನ್ನುವ ಬಾಯಿ ಈ ಸೀಮೆಗಿಲ್ಲ.
ಮಳೆರಾಯನನ್ನು ಮಣ್ಣಲ್ಲಿ ಮಾಡಿ, ಹಲಗೆಯ ಮೇಲಿಟ್ಟು ಹೊತ್ತು
ಮನೆಮನೆಯ ಬಾಗಿಲಲ್ಲಿ ಬಿಂದಿಗೆ ನೀರು ಸುರಿಸಿಕೊಂಡ
ತಲೆ ಇದು. ಕೆಸರು ಕಣ್ಣಿಗಿಳಿದರೂ ನಗುತ್ತಿದ್ದ ತಲೆ.
ಈಗ ಅದನ್ನೇ ಮೇಲೆತ್ತಿ
ಇವತ್ತು ಬೇಡಪ್ಪ, ಇದು ನಿನ್ನ ತಿಂಗಳಲ್ಲ, ಎಂದು
ಯಾವ ನಾಲಗೆಯಲ್ಲಿ ಹೇಳಲಿ?
ಕೊಡುವವನ ಕೈ ಹಿಡಿದು ಗಡಿಯಾರ ತೋರಿಸಿದ ಹಾಗೆ.

ಯುಗಾದಿಗೆ ಮರ ಚಿಗುರಿತು, ಇಲ್ಲವೆನ್ನಲಾರೆ.
ಕೆಳಗಿನ ಕೊಂಬೆಗಳಿಂದ ಮಾತ್ರ,
ದೊಡ್ಡವರು ರೇಗಿದ ಮೇಲೆ ಮಕ್ಕಳು ಪಿಸುಗುಟ್ಟುವ ಹಾಗೆ.
ಹಬ್ಬದ ಬೆಳಿಗ್ಗೆ ಮಾಪಕಕ್ಕೆ ಇಣುಕಿದೆ.
ಜೇಡ ಇದೆ. ಧೂಳಿದೆ.
೦.೦ ಬರೆದೆ, ದೂರದೂರಿನ ಗೆಳೆಯನ ಹೆಸರು ಬರೆದಂತೆ.
ಯಾರೂ ಎಂದೂ ತುಂಬದ ಷರಾ ಕಾಲಂನ ಎದುರು
ಪೆನ್ನು ತುಸು ಹೊತ್ತು ನಿಂತಿತು.
ಹೂವು ಬಿದ್ದಿಲ್ಲ, ಎಂದು ಬರೆದೆ.

ಗೇಟಿನಾಚೆ ಪಾಲಕ್ಕ,
ಮಡಿಸಿದ ಖಾಲಿ ಚೀಲ ಕಂಕುಳಲ್ಲಿ,
ಕಣ್ಣಲ್ಲೇ ಮರವನ್ನು ತೂಗುತ್ತಿದ್ದಳು.
ಎಷ್ಟು ಎಂದು ನಾನು ಕೇಳಲಿಲ್ಲ.